‘ರೋಗನಿರೋಧಕ’ ಚೀಟಿ ಕಟ್ಟಿದ ಹಣ್ಣಿನ ಗಿಡಗಳು: ಎಷ್ಟು ನಂಬಬಹುದು?

ಕಸಿ ಗಿಡದ ಕೊರಳಿಗೆ ಕಟ್ಟಿದ ಚೀಟಿಯಲ್ಲಿ ‘ರೋಗನಿರೋಧಕ ತಳಿ’ ಎಂದಷ್ಟೇ ಇದ್ದರೆ ಅದು ಅರ್ಧಕ್ಕೆ ನಿಂತ ವಾಕ್ಯ. ಯಾವ ರೋಗಕ್ಕೆ? ಆ ರೋಗಾಣುವಿನ ಯಾವ ಬಗೆಗೆ? ತಡೆಯುವ ಗುಣ ಇರುವುದು ಮೇಲಿನ ಕಸಿಕಡ್ಡಿಯಲ್ಲೋ, ಕೆಳಗಿನ ಬೇರುಸಸಿಯಲ್ಲೋ? ಎಲೆಗೋ, ಕಾಯಿಗೋ, ಕಾಂಡಕ್ಕೋ? ಇಷ್ಟಕ್ಕೂ ಉತ್ತರವಿಲ್ಲದಿದ್ದರೆ ಗಿಡ ಒಳ್ಳೆಯದೇ ಇರಬಹುದು, ಚೀಟಿಯಂತೂ ಏನನ್ನೂ ಹೇಳಿದಂತಾಗಲಿಲ್ಲ.

ಇಲ್ಲಿ ಮುಖ್ಯವಾಗಿ ನೋಡಿರುವುದು ಸೇಬನ್ನು. ರೋಗನಿರೋಧಕ ಎಂಬ ಹೆಸರಿನಲ್ಲೇ ಮಾರಾಟವಾಗುವ ತಳಿಗಳು ಇದರಲ್ಲಿ ಬೇಕಾದಷ್ಟಿವೆ. ಅವು ಎಲ್ಲಿ ಗೆದ್ದವು, ಎಲ್ಲಿ ಸೋತವು ಎಂಬ ದಾಖಲೆಯೂ ಸಾಕಷ್ಟು ಸಿಗುತ್ತದೆ. ಜೊತೆಗೆ ಮರಸೇಬು, ಪೀಚ್, ಪಪ್ಪಾಯಿಯ ಒಂದೊಂದು ಮಾತು. ಆಮೇಲೆ ಚೀಟಿಯ ಮಾತನ್ನು ತೋಟದಲ್ಲೇ ಅಳೆದು ನೋಡುವ ಕ್ರಮ.

ಎರಡು ಪದಗಳನ್ನು ಮೊದಲೇ ಬಿಡಿಸಿಕೊಳ್ಳಬೇಕು. ನಿರೋಧಕ ಗಿಡದಲ್ಲಿ ರೋಗಾಣು ಎಲೆಯ ಮೇಲೆ ಕುಳಿತರೂ ಒಳಗೆ ಹರಡಲು, ಬೀಜಾಣು ಬಿಡಲು ಗಿಡವೇ ಅಡ್ಡ ನಿಲ್ಲುತ್ತದೆ. ಸಹಿಷ್ಣು ಗಿಡದಲ್ಲಿ ರೋಗ ಬರುತ್ತದೆ, ಗಿಡ ಅದನ್ನು ತಾಳಿಕೊಂಡು ಫಸಲು ಕೊಡುತ್ತದೆ. ಮಾರುವವರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಆದರೆ ಸಹಿಷ್ಣು ಮರ ತಾನು ಹಸಿರಾಗಿದ್ದುಕೊಂಡೇ ಪಕ್ಕದ ಸಾಲಿಗೆ ರೋಗ ಹಂಚುತ್ತಿರಬಹುದು. ನೆಟ್ಟವರಿಗೆ ಲಾಭ, ನೆರೆಯ ಸಾಲಿಗೆ ಕಾಟ.

ಕಜ್ಜಿ ರೋಗ: ಒಂದೇ ಜೀನು ನೆಚ್ಚಿದ ಕುಟುಂಬ

ಸೇಬಿನ ಕಜ್ಜಿ ರೋಗವನ್ನು ಬೆಳೆಗಾರರು ಸ್ಕ್ಯಾಬ್ ಎಂದೇ ಕರೆಯುತ್ತಾರೆ. ವೆಂಚೂರಿಯಾ ಇನಿಕ್ವಾಲಿಸ್ ಎಂಬ ಶಿಲೀಂಧ್ರ ಇದಕ್ಕೆ ಕಾರಣ. ಈ ರೋಗಕ್ಕೆ ನಿರೋಧಕ ಎನಿಸಿಕೊಂಡ ತಳಿಗಳಲ್ಲಿ ಬಹುಪಾಲು ಮ್ಯಾಲಸ್ ಫ್ಲೋರಿಬಂಡಾ 821 ಎಂಬ ಕಾಡುಸೇಬಿನಿಂದ ಬಂದ ಒಂದೇ ಜೀನಿನ ಮೇಲೆ ನಿಂತಿವೆ. ಹಿಂದೆ ಅದಕ್ಕೆ ವಿಎಫ್ ಎನ್ನುತ್ತಿದ್ದರು, ಈಗಿನ ಹೆಸರು ಆರ್‌ವಿಐ6. ಅಮೆರಿಕದ ಪರ್ಡ್ಯೂ, ರಟ್ಗರ್ಸ್, ಇಲಿನಾಯ್ ವಿಶ್ವವಿದ್ಯಾಲಯಗಳು ಸೇರಿ ನಡೆಸಿದ ತಳಿ ಅಭಿವೃದ್ಧಿಯಿಂದ 1970ರಲ್ಲಿ ಹೊರಬಂದ ಪ್ರೀಮಾ ಈ ಸಾಲಿನ ಹಿರಿಯ. ಪ್ರೀಮಾ, ಪ್ರಿಸಿಲ್ಲಾ, ಪ್ರಿಸ್ಟೀನ್, ಎಂಟರ್‌ಪ್ರೈಸ್ ಈ ಎಲ್ಲ ಹೆಸರುಗಳೊಳಗೂ ಪಿ, ಆರ್, ಐ ಎಂಬ ಮೂರು ಅಕ್ಷರಗಳನ್ನು ಬೇಕೆಂದೇ ಅಡಗಿಸಿಟ್ಟಿದ್ದಾರೆ. ಅದು ಆ ಮೂರು ವಿಶ್ವವಿದ್ಯಾಲಯಗಳ ಮುದ್ರೆ.

ಒಂದೇ ಜೀನನ್ನು ನೆಚ್ಚುವುದು ಒಂದೇ ಬೀಗದ ಮನೆಯಲ್ಲಿ ಮಲಗಿದಂತೆ. ಕೀಲಿ ಸಿಕ್ಕಿದವನಿಗೆ ಎಲ್ಲ ಕೋಣೆಯೂ ತೆರೆದೇ ಇರುತ್ತದೆ. 1980ರ ದಶಕದಲ್ಲಿ ಜರ್ಮನಿಯ ಆರೆನ್ಸ್‌ಬರ್ಗ್‌ನಲ್ಲಿ ಈ ಜೀನು ಇದ್ದ ಮರಗಳ ಮೇಲೂ ಬೀಜಾಣು ಬಿಡುವ ಕಜ್ಜಿ ಕಂಡಿತು. ಆ ಬಗೆಗೆ ರೇಸ್ 6 ಎಂದು ಹೆಸರಿಟ್ಟರು. ಆಮೇಲೆ ಇಂಗ್ಲೆಂಡಿನಲ್ಲಿ ಮೂಲ ಕಾಡುಸೇಬನ್ನೇ ಹಿಡಿಯುವ ರೇಸ್ 7 ಕೂಡ ಸಿಕ್ಕಿತು. ಯುರೋಪಿನ ಹಲವು ತೋಟಗಳಲ್ಲಿ ಈಗ ಆರ್‌ವಿಐ6 ಒಂದನ್ನೇ ಕಾವಲೆಂದು ನಂಬುವಂತಿಲ್ಲ. ಯಾವ ಪ್ರದೇಶದಲ್ಲಿ ಯಾವ ಜೀನು ಸೋತಿದೆ ಎಂದು ಗಮನಿಸಲು ವಿನ್‌ಕ್ವೆಸ್ಟ್ ಎಂಬ ಅಂತರರಾಷ್ಟ್ರೀಯ ಜಾಲ 2009ರಿಂದ ಕೆಲಸ ಮಾಡುತ್ತಿದೆ. ಒಂದೊಂದು ನಿರೋಧಕ ಜೀನು ಇರುವ ಮರಗಳನ್ನು ಒಂದೇ ತೋಪಿನಲ್ಲಿ ಸಾಲಾಗಿ ನೆಟ್ಟು, ಪ್ರತಿ ವರ್ಷ ಯಾವುದರ ಮೇಲೆ ಕಜ್ಜಿ ಬಂತೆಂದು ಬರೆದಿಡುವುದು ಅದರ ಕ್ರಮ. ಹಾಗಾಗಿ ‘ಕಜ್ಜಿ ನಿರೋಧಕ’ ಎಂಬುದು ಗಿಡದ ಗುಣ ಎಷ್ಟೋ, ಸುತ್ತಲಿನ ಶಿಲೀಂಧ್ರದ ಗುಣವೂ ಅಷ್ಟೇ.

ಈಗ ತಳಿಗಳು.

ಲಿಬರ್ಟಿ. ನ್ಯೂಯಾರ್ಕ್ ರಾಜ್ಯದ ಜಿನೀವಾ ಸಂಶೋಧನಾ ಕೇಂದ್ರ 1978ರಲ್ಲಿ ಬಿಡುಗಡೆ ಮಾಡಿದ್ದು, ತಾಯಿ ಮ್ಯಾಕೂನ್. ಕಜ್ಜಿ ಮತ್ತು ತುಕ್ಕು ಎರಡಕ್ಕೂ ಗಟ್ಟಿ, ಮುಂದೆ ವಿವರಿಸಿರುವ ಫೈರ್ ಬ್ಲೈಟ್ ಎಂಬ ಬ್ಯಾಕ್ಟೀರಿಯಾ ರೋಗಕ್ಕೂ ಸುಲಭಕ್ಕೆ ಜಗ್ಗದು, ಬೂದಿ ರೋಗಕ್ಕೆ ಮಧ್ಯಮ. ಒಂದೇ ಗಿಡ ನೆಟ್ಟು ಸಿಂಪಡಣೆ ಕಡಿಮೆ ಮಾಡಬೇಕೆನ್ನುವವರಿಗೆ ಮೊದಲು ಸೂಚಿಸಬಹುದಾದ ತಳಿ ಇದೇ. ತೊಡಕು ರೋಗದ್ದಲ್ಲ, ಫಸಲಿನದು: ಮಿತಿಮೀರಿ ಕಾಯಿ ಕಟ್ಟುತ್ತದೆ. ಒಂದು ಗೊಂಚಲಿಗೆ ಒಂದೇ ಕಾಯಿ, ಕಾಯಿಂದ ಕಾಯಿಗೆ ಸುಮಾರು ಒಂದು ಗೇಣು ಬಿಟ್ಟು ಉಳಿದವನ್ನು ಹೀಚಿನಲ್ಲೇ ಕಿತ್ತುಹಾಕದಿದ್ದರೆ ಹಣ್ಣು ಸಣ್ಣದಾಗಿ ಉಳಿಯುತ್ತದೆ.

ಎಂಟರ್‌ಪ್ರೈಸ್. ಕಜ್ಜಿ, ತುಕ್ಕು, ಫೈರ್ ಬ್ಲೈಟ್ ಮೂರಕ್ಕೂ ಒಳ್ಳೆಯ ಅಂಕ ಪಡೆಯುವ ಅಪರೂಪದ ಗಿಡ. ತಡವಾಗಿ ಮಾಗುತ್ತದೆ, ತಂಪಿನಲ್ಲಿ ತಿಂಗಳುಗಟ್ಟಲೆ ಕೆಡದೆ ಇರುತ್ತದೆ. ಸಿಪ್ಪೆ ದಪ್ಪ, ಅಗಿಯುವಾಗ ಹಲ್ಲಿಗೆ ಗೊತ್ತಾಗುತ್ತದೆ. ರೋಗದ ಲೆಕ್ಕದಲ್ಲಿ ಲಿಬರ್ಟಿಗಿಂತ ಒಂದು ಹೆಜ್ಜೆ ಮುಂದೆ, ಬಾಯಿಯ ಲೆಕ್ಕದಲ್ಲಿ ಒಂದು ಹೆಜ್ಜೆ ಹಿಂದೆ.

ಗೋಲ್ಡ್‌ರಷ್. ಚೀಟಿ ಎಷ್ಟು ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗದು. ಕಜ್ಜಿಗೆ ಆರ್‌ವಿಐ6 ಇದೆ, ರುಚಿ ಅದ್ಭುತ, ಕೊಯ್ದಾಗ ಹುಳಿ ಇದ್ದದ್ದು ಇಟ್ಟಷ್ಟೂ ಸಿಹಿಗೆ ತಿರುಗುತ್ತದೆ. ಆದರೆ ಸೀಡರ್-ಸೇಬಿನ ತುಕ್ಕು ರೋಗಕ್ಕೆ ಇದು ಪೂರಾ ತುತ್ತು. ಈ ತುಕ್ಕು ಶಿಲೀಂಧ್ರ ಬದುಕಲು ಸೇಬಿನ ಜೊತೆಗೆ ಜುನಿಪರ್ ಜಾತಿಯ ಮರವೂ ಬೇಕು. ಸೇಬಿನಿಂದ ಸೇಬಿಗೆ ನೇರವಾಗಿ ಹರಡುವುದಿಲ್ಲ. ಸುತ್ತಮುತ್ತ ಆ ಜಾತಿಯ ಜುನಿಪರ್ ಇಲ್ಲದ ಕಡೆ ಗೋಲ್ಡ್‌ರಷ್‌ಗೆ ತುಕ್ಕಿನ ಭಯವಿಲ್ಲ, ಇರುವ ಕಡೆ ಬೇಸಿಗೆ ಕಾಲಿಡುವ ಹೊತ್ತಿಗೆ ಎಲೆ ತುಂಬ ಕಿತ್ತಳೆ ಚುಕ್ಕೆ. ಹಿರಿಯ ಪ್ರೀಮಾಗೂ ಇದೇ ದೌರ್ಬಲ್ಯ. ‘ರೋಗನಿರೋಧಕ’ ಎಂಬ ಒಂದೇ ಪದದಡಿ ಲಿಬರ್ಟಿಯನ್ನೂ ಗೋಲ್ಡ್‌ರಷ್‌ಅನ್ನೂ ಪಕ್ಕಪಕ್ಕ ಇಡುವ ನರ್ಸರಿ ಪಟ್ಟಿ ಪ್ರಾಮಾಣಿಕವಲ್ಲ.

ಟೋಪಾಜ್. ಚೆಕ್ ತಳಿ, ಯುರೋಪಿನ ಸಾವಯವ ತೋಟಗಳ ಮೆಚ್ಚಿನದು. ಆರ್‌ವಿಐ6 ಸೋತ ಪ್ರದೇಶಗಳಲ್ಲಿ ಇದರ ಮೇಲೂ ಕಜ್ಜಿ ಬರುತ್ತದೆ. ಇನ್ನೊಂದು ಸಂಗತಿ ಚೀಟಿಯಲ್ಲಿ ಎಂದೂ ಇರುವುದಿಲ್ಲ: ಫೈಟಾಫ್ತೊರಾ ಎಂಬ ಮಣ್ಣಿನ ರೋಗಾಣುವಿನಿಂದ ಬರುವ ಬುಡ ಕೊಳೆಗೆ ಇದರ ತೊಗಟೆ ಬಹಳ ಮೆದು. ಕಸಿ ಗಂಟು ಮಣ್ಣಿಗೆ ತಾಗಿದರೆ, ಬುಡದಲ್ಲಿ ನೀರು ನಿಂತರೆ ಎಲೆಯ ಮೇಲೆ ಒಂದೂ ಕಜ್ಜಿ ಇಲ್ಲದ ಮರ ಬುಡದಿಂದ ಸಾಯುತ್ತದೆ. ಅದಕ್ಕೇ ಬೇರುಸಸಿಗೂ ಟೋಪಾಜ್‌ಗೂ ನಡುವೆ ಇನ್ನೊಂದು ತಳಿಯ ಕಾಂಡದ ತುಂಡನ್ನು ಸೇರಿಸಿ ಎರಡು ಕಸಿ ಮಾಡಿದ ಗಿಡಗಳನ್ನು ಕೆಲವರು ನೆಡುತ್ತಾರೆ. ನೆಡುವುದಾದರೆ ಕಸಿ ಗಂಟು ನೆಲದಿಂದ ಕನಿಷ್ಠ ಒಂದು ಗೇಣು ಮೇಲಿರಲಿ.

ಈ ನಾಲ್ಕಕ್ಕೂ ಸೇರಿದ ಒಂದು ಎಚ್ಚರಿಕೆ ಇದೆ. ಕಜ್ಜಿಗೆಂದು ಹೊಡೆಯುತ್ತಿದ್ದ ಶಿಲೀಂಧ್ರನಾಶಕವನ್ನು ಪೂರ್ತಿ ನಿಲ್ಲಿಸಿದಾಗ, ಅದೇ ಔಷಧಿ ಸದ್ದಿಲ್ಲದೆ ತಡೆಯುತ್ತಿದ್ದ ಬೇರೆ ರೋಗಗಳು ಮೇಲೆ ಬರುತ್ತವೆ. ಹಣ್ಣಿನ ಮೇಲೆ ಹೊಗೆ ಹಿಡಿದಂತೆ ಮಸಿ ಕಲೆ, ನೊಣ ಕೂತೆದ್ದಂತೆ ಸಣ್ಣ ಕಪ್ಪು ಚುಕ್ಕೆಗಳ ಗುಂಪು, ಕಹಿ ಕೊಳೆ ಇವೆಲ್ಲ ಆರ್‌ವಿಐ6 ಇರುವ ಹಣ್ಣನ್ನೂ ಹಿಡಿಯುತ್ತವೆ. ‘ನಿರೋಧಕ ತಳಿ ಅಂದರು, ಆದರೂ ಕಜ್ಜಿ ಬಂತು’ ಎಂಬ ದೂರುಗಳಲ್ಲಿ ಎಷ್ಟೋ ಇವೇ. ಒದ್ದೆ ಬಟ್ಟೆಯಿಂದ ಒತ್ತಿ ಉಜ್ಜಿ ನೋಡಿ: ಮಸಿ ಕಲೆ ಸಿಪ್ಪೆಯ ಮೇಲ್ಮೈಯಲ್ಲಷ್ಟೇ ಇರುತ್ತದೆ, ಉಜ್ಜಿದರೆ ಹೋಗುತ್ತದೆ. ಕಜ್ಜಿ ಹೋಗುವುದಿಲ್ಲ, ಉಗುರು ಆಡಿಸಿದರೆ ಬೆಂಡಿನಂತೆ ಒರಟಾಗಿ ಸಿಗುತ್ತದೆ.

ಫೈರ್ ಬ್ಲೈಟ್ ಮತ್ತು ಬೇರುಸಸಿಗಳು

ಕನ್ನಡದಲ್ಲಿ ಬೆಂಕಿ ರೋಗ ಎಂದರೆ ಭತ್ತದ ಶಿಲೀಂಧ್ರ ರೋಗ. ಸೇಬು, ಮರಸೇಬಿನ ಫೈರ್ ಬ್ಲೈಟ್ ಅದಲ್ಲ. ಇದು ಎರ್ವಿನಿಯಾ ಅಮೈಲೊವೊರಾ ಎಂಬ ಬ್ಯಾಕ್ಟೀರಿಯಾದ ಕೆಲಸ. ಗೊಂದಲ ಬೇಡವೆಂದು ಇಂಗ್ಲಿಷ್ ಹೆಸರನ್ನೇ ಇಟ್ಟುಕೊಂಡಿದ್ದೇವೆ. ಹೂವಿನಿಂದ ಒಳಹೊಕ್ಕು ಚಿಗುರಿಗೆ, ಚಿಗುರಿನಿಂದ ಕೊಂಬೆಗೆ ಇಳಿಯುತ್ತದೆ. ಎಳೆಯ ತುದಿ ಕುರಿ ಮೇಯಿಸುವವರ ಕೊಕ್ಕೆಕೋಲಿನಂತೆ ಬಾಗುತ್ತದೆ, ಎಲೆ ಕಪ್ಪಾಗಿ ಒಣಗಿದರೂ ಉದುರುವುದಿಲ್ಲ, ತೇವದ ದಿನ ಕಾಂಡದ ಮೇಲೆ ಜೇನಿನ ಬಣ್ಣದ ಹನಿ ಒಸರುತ್ತದೆ.

ಇಲ್ಲಿ ಚೀಟಿಯ ಮೋಸ ಇನ್ನೂ ಸೂಕ್ಷ್ಮ. ಎಂ.9 ಮತ್ತು ಎಂ.26 ಎಂಬ ಗಿಡ್ಡ ಬೇರುಸಸಿಗಳು ಈ ರೋಗಕ್ಕೆ ಅತಿ ಸುಲಭದ ತುತ್ತು. ಮೇಲಿನ ತಳಿಯ ಕೊಂಬೆಯಲ್ಲಿ ಸಣ್ಣದಾಗಿ ಕಂಡ ರೋಗದ ಬ್ಯಾಕ್ಟೀರಿಯಾ ಹೊರಗೆ ಯಾವ ಗುರುತೂ ತೋರದೆ ಕಾಂಡದೊಳಗಿಂದ ಇಳಿದು ಬೇರುಸಸಿಯ ತೊಗಟೆಯನ್ನು ಸುತ್ತ ಕೊಲ್ಲುತ್ತದೆ. ಒಂದೆರಡು ಚಿಗುರು ಸವರಿ ಎಸೆದಾಯಿತು, ಮರ ಉಳಿಯಿತು ಎಂದುಕೊಂಡಿರುವಾಗಲೇ ಇಡೀ ಮರ ಹೋಗುತ್ತದೆ. ಇದಕ್ಕೆ ಉತ್ತರವಾಗಿ ಬಂದವು ಜಿನೀವಾ ಸರಣಿಯ ಬೇರುಸಸಿಗಳು, ಕಾರ್ನೆಲ್ ವಿಶ್ವವಿದ್ಯಾಲಯ ಮತ್ತು ಅಮೆರಿಕದ ಕೃಷಿ ಇಲಾಖೆ ಸೇರಿ ರೂಪಿಸಿದ್ದು.

ಅವುಗಳಲ್ಲಿ ಜಿ.41 ಅತ್ಯಂತ ಪೂರ್ಣವಾದದ್ದು: ಫೈರ್ ಬ್ಲೈಟ್‌ಗೂ ಬುಡ ಕೊಳೆಗೂ ನಿರೋಧಕ, ಬೇರಿಗೆ ಕೂರುವ ಉಣ್ಣೆ ಹೇನನ್ನೂ ತಡೆಯುತ್ತದೆ, ಹಳೆಯ ಸೇಬಿನ ಮರ ಕಿತ್ತ ಜಾಗದಲ್ಲೇ ನೆಟ್ಟರೂ ತಾಳಿಕೊಳ್ಳುತ್ತದೆ. ದೋಷ ಒಂದೇ, ಆದರೆ ಸಣ್ಣದಲ್ಲ: ಕೆಲವು ತಳಿಗಳ ಜೊತೆ ಕಸಿ ಗಂಟು ಪೆಡಸು. ಎಳೆಯ ವಯಸ್ಸಿನಲ್ಲಿ ಜೋರು ಗಾಳಿಗೆ, ಸಾಗಿಸುವಾಗಿನ ಒಂದು ಜಗ್ಗಿಗೆ ಗಂಟಿನಲ್ಲೇ ಲಟಕ್ಕನೆ ಮುರಿಯುತ್ತದೆ. ಗಿಡ ಬಂಡಿಯಿಂದ ಇಳಿಸುವಾಗ ಮೇಲಿನ ಕಾಂಡ ಹಿಡಿದು ಎತ್ತದೆ ಬೇರುಸಸಿಯ ಭಾಗ ಹಿಡಿದೇ ಎತ್ತಿ. ನೆಟ್ಟ ದಿನವೇ ಕೋಲಿಗೋ ತಂತಿಗೋ ಕಟ್ಟಿ, ಒಂದು ಕಟ್ಟು ಗಂಟಿನಿಂದ ಸ್ವಲ್ಪ ಮೇಲೆ ಬರಲಿ. ಜಿ.935 ಫೈರ್ ಬ್ಲೈಟ್‌ಗೆ ನಿರೋಧಕ, ಉಣ್ಣೆ ಹೇನಿಗೆ ಅಲ್ಲ. ಜಿ.16ಕ್ಕೆ ಕಸಿಕಡ್ಡಿಯಲ್ಲಿ ಅಡಗಿರುವ ವೈರಸ್‌ಗಳನ್ನು ಕಂಡರೆ ಆಗದು. ವೈರಸ್ ಮುಕ್ತವೆಂದು ಪರೀಕ್ಷಿಸಿದ ಕಡ್ಡಿಯನ್ನೇ ಕಟ್ಟಬೇಕು, ಸಿಕ್ಕಿದ ಮರದಿಂದ ಕಡ್ಡಿ ಕತ್ತರಿಸಿ ಕಟ್ಟಿದರೆ ಗಿಡ ಸೊರಗಿ ಸಾಯುತ್ತದೆ.

ಹಳೆಯ ಎಂಎಂ.106 ಇನ್ನೂ ಮಾರಾಟದಲ್ಲಿದೆ, ‘ನಿರೋಧಕ’ ಎಂಬ ವಿಶೇಷಣದೊಂದಿಗೇ. ಅದು ನಿಜ, ಆದರೆ ಉಣ್ಣೆ ಹೇನಿಗೆ ಮಾತ್ರ. ನಾರ್ದರ್ನ್ ಸ್ಪೈ ಎಂಬ ತಳಿಯಿಂದ ಬಂದ ಗುಣ. ಬುಡ ಕೊಳೆಗೆ ಇದು ಸುಲಭವಾಗಿ ಸಿಕ್ಕಿಬೀಳುತ್ತದೆ. ನೀರು ಬಸಿಯದ ಜೇಡಿ ನೆಲಕ್ಕೆ ಇದನ್ನು ಕೊಟ್ಟು ‘ರೋಗನಿರೋಧಕ’ ಎನ್ನುವುದು ನೇರ ತಪ್ಪು ಸಲಹೆ.

ಇನ್ನೊಂದು ಮಾತು, ಪದೇಪದೇ ಮರೆಯುವಂಥದ್ದು: ಬೇರುಸಸಿಯ ನಿರೋಧಕತೆ ಮೇಲಕ್ಕೆ ಹತ್ತುವುದಿಲ್ಲ. ಜಿ.41ರ ಮೇಲೆ ಗಾಲಾ ಎಂಬ ಸೇಬಿನ ತಳಿ ಕಟ್ಟಿದರೆ ಗಾಲಾದ ಹೂವು, ಚಿಗುರು ಮೊದಲಿನಷ್ಟೇ ಸುಡುತ್ತವೆ. ಉಳಿಯುವುದು ಬುಡ ಮಾತ್ರ. ಅದೂ ಕಡಿಮೆ ಲಾಭವಲ್ಲ, ಆದರೆ ಚೀಟಿ ಆ ಭಾಗವನ್ನಷ್ಟೇ ಹೇಳಬೇಕು.

ಮರಸೇಬು, ಪೀಚ್, ಪಪ್ಪಾಯಿ: ಚಿಕ್ಕದಾಗಿ

ಮರಸೇಬಿನಲ್ಲಿ ಬಾರ್ಟ್ಲೆಟ್, ಬಾಸ್ಕ್ ಎರಡೂ ಫೈರ್ ಬ್ಲೈಟ್‌ಗೆ ಬೇಗ ಬಲಿಯಾಗುತ್ತವೆ. ಕೆನಡಾದ ಹ್ಯಾರೋ ಸ್ವೀಟ್ ಒಳ್ಳೆಯ ಪರ್ಯಾಯ, ಹಣ್ಣೂ ತಿನ್ನುವಂತಿದೆ. ಮ್ಯಾಗ್ನೆಸ್ ನಿರೋಧಕವೇ, ಆದರೆ ಅದರ ಪರಾಗ ಕೆಲಸಕ್ಕೆ ಬಾರದು. ಜೊತೆಗೆ ಇನ್ನೆರಡು ತಳಿ ನೆಡದಿದ್ದರೆ ಅಕ್ಕಪಕ್ಕದ ಮರಕ್ಕೂ ಕಾಯಿ ಇಲ್ಲ. ಕೀಫರ್ ರೋಗಕ್ಕೆ ಜಗ್ಗದು, ತಿಂದರೆ ಮರಳು ಅಗಿದಂತೆ.

ಪೀಚ್‌ನ ಎಲೆ ಮುರುಟು ರೋಗಕ್ಕೆ ನಿರೋಧಕ ಎಂದು ಫ್ರಾಸ್ಟ್ ತಳಿ ಮಾರುತ್ತಾರೆ. ಚೀಟಿಯಲ್ಲಿ ಬಿಟ್ಟುಹೋಗುವ ಷರತ್ತು: ಮೊದಲ 2–3 ವರ್ಷ ಇದಕ್ಕೂ ಸಿಂಪಡಣೆ ಬೇಕು, ಎಳೆಯ ಗಿಡ ಬೇಗ ಹಿಡಿಯುತ್ತದೆ. ಅದೂ ಎಲೆ ಉದುರಿದ ಮೇಲೆ, ಮೊಗ್ಗು ಉಬ್ಬುವ ಮುಂಚೆ ಹೊಡೆಯಬೇಕು. ಎಲೆ ಕೆಂಪಾಗಿ ಮುರುಟಿದ ಮೇಲೆ ಏನು ಹೊಡೆದರೂ ವ್ಯರ್ಥ.

ಪಪ್ಪಾಯಿಯ ಉಂಗುರ ಚುಕ್ಕೆ ವೈರಸ್‌ಗೆ ಹವಾಯಿಯಲ್ಲಿ 1998ರಲ್ಲಿ ಬೆಳೆಗಾರರ ಕೈಗೆ ಬಂದ ಕುಲಾಂತರಿ ತಳಿ ರೇನ್‌ಬೋ ಅಲ್ಲಿನ ಬೆಳೆಯನ್ನೇ ಉಳಿಸಿತು. ಆದರೆ ಆ ನಿರೋಧಕತೆ ಹವಾಯಿಯ ವೈರಸ್‌ಗೆ ಹೊಂದಿಸಿದ್ದು. ಬೇರೆ ನಾಡುಗಳ ಕೆಲವು ವೈರಸ್ ಬಗೆಗಳು ಅದನ್ನು ದಾಟುತ್ತವೆ. ಅಲ್ಲದೆ ರೇನ್‌ಬೋ ಸಂಕರ ತಳಿ. ಅದರ ಹಣ್ಣಿನ ಬೀಜ ಕಟ್ಟಿಟ್ಟುಕೊಂಡು ಬಿತ್ತಿದರೆ ಸರಾಸರಿ ನಾಲ್ಕರಲ್ಲಿ ಒಂದು ಸಸಿಗೆ ಆ ಜೀನೇ ಇರುವುದಿಲ್ಲ.

ತೋಟದಲ್ಲಿ ಅಳೆಯುವ ಕ್ರಮ

ಅಳತೆಗೆ ಮೊದಲು ಬೇಕಾದದ್ದು ಹೋಲಿಕೆ ಮರ, ಅಂದರೆ ಆ ರೋಗಕ್ಕೆ ಖಚಿತವಾಗಿ ತುತ್ತಾಗುವ ತಳಿ. ಕಜ್ಜಿಗೆ ಮ್ಯಾಕಿಂಟಾಷ್ ಅಥವಾ ಗಾಲಾ, ಬೂದಿ ರೋಗಕ್ಕೆ ಜೊನಾಥನ್, ತುಕ್ಕಿಗೆ ಗೋಲ್ಡನ್ ಡೆಲಿಷಸ್. ಹೋಲಿಕೆ ಮರವೇ ಸ್ವಚ್ಛವಾಗಿದ್ದ ವರ್ಷ, ನಿರೋಧಕ ಮರವೂ ಸ್ವಚ್ಛವಾಗಿತ್ತು ಎಂಬುದಕ್ಕೆ ಅರ್ಥವಿಲ್ಲ. ಆ ವರ್ಷ ಮಳೆ ಇರಲಿಲ್ಲ, ಅಷ್ಟೇ. ಅಂಥ ವರ್ಷದ ಅಂಕವನ್ನು ಪುಸ್ತಕದಲ್ಲಿ ಬರೆದು ಅಡ್ಡಗೆರೆ ಎಳೆಯಬೇಕು. ಕನಿಷ್ಠ ಮೂರು ಹಂಗಾಮು ನೋಡದೆ ತೀರ್ಪು ಕೊಡಬಾರದು. ಪ್ರತಿ ತಳಿಯ ನಾಲ್ಕೈದು ಮರವನ್ನಾದರೂ ಸಿಂಪಡಣೆಯಿಂದ ಹೊರಗಿಡಿ, ಗಾಳಿಯ ದಿಕ್ಕಿನಲ್ಲಿ ಪಕ್ಕದ ಸಾಲಿನ ಔಷಧಿ ಹಾರಿ ಬೀಳದಂತೆ ನಡುವೆ ಒಂದು ಸಾಲು ಬಿಡಿ.

ಮಳೆಯನ್ನೂ ಬರೆಯಬೇಕು, ಮಿಲಿಮೀಟರಿನಲ್ಲಲ್ಲ, ಎಲೆ ಒದ್ದೆಯಾಗಿದ್ದ ಗಂಟೆಗಳಲ್ಲಿ. 1944ರಲ್ಲಿ ಪ್ರಕಟವಾದ ಮಿಲ್ಸ್ ಕೋಷ್ಟಕದ ಪ್ರಕಾರ 17ರಿಂದ 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಲೆ 9 ಗಂಟೆ ಒದ್ದೆಯಿದ್ದರೆ ಕಜ್ಜಿ ಹಗುರಾಗಿ ತಗಲುತ್ತದೆ, 10 ಡಿಗ್ರಿಯಲ್ಲಿ 14 ಗಂಟೆ ಬೇಕು. ಆಮೇಲಿನ ತಿದ್ದುಪಡಿ ಇದನ್ನು ಸುಮಾರು 3 ಗಂಟೆ ಇಳಿಸಿತು. ತಗಲಿದ ಮೇಲೆ ಕಲೆ ಕಾಣಲು ತಾಪಮಾನಕ್ಕೆ ತಕ್ಕಂತೆ 9ರಿಂದ 17 ದಿನ. ಇವತ್ತು ಮಳೆ ಬಂದು ನಾಳೆ ಎಲೆ ನೋಡಿ ‘ಏನೂ ಆಗಿಲ್ಲ’ ಎನ್ನುವುದು ಅಳತೆಯಲ್ಲ.

ಎಣಿಸುವುದು ಹೀಗೆ. ಮರದ ನಾಲ್ಕೂ ಕಡೆಯಿಂದ 10 ಚಿಗುರು ಗುರುತಿಸಿ ಬಣ್ಣದ ದಾರ ಕಟ್ಟಿ. ಕಜ್ಜಿ ಎಳೆಯ ಎಲೆಯನ್ನೇ ಹಿಡಿಯುವುದು. ಬಲಿತ ಎಲೆ ಯಾವ ತಳಿಯದಾದರೂ ತಾನಾಗಿ ಗಟ್ಟಿಯಾಗುತ್ತದೆ. ಆದ್ದರಿಂದ ಸೋಂಕು ತಗಲಿದ ಮಳೆಯ ದಿನ ತುದಿಯಲ್ಲಿ ಬಿಚ್ಚಿಕೊಂಡಿದ್ದ ಕೊನೆಯ ಎಲೆಯ ತೊಟ್ಟಿಗೆ ಮಾರ್ಕರಿನಲ್ಲಿ ಚುಕ್ಕೆ ಇಡಿ. ಮೂರು ವಾರದ ನಂತರ ಆ ಚುಕ್ಕೆಯ ಎಲೆ, ಅದರ ಮೇಲಿನ ಒಂದು, ಕೆಳಗಿನ ಮೂರು, ಒಟ್ಟು ಐದನ್ನು ನೋಡಿ. 10 ಚಿಗುರಿಗೆ 50 ಎಲೆ. ಇದನ್ನು ಬಿಟ್ಟು ಕೈಗೆ ಸಿಕ್ಕ ಬಲಿತ ಎಲೆಗಳನ್ನು ಎಣಿಸುವುದು ಅತಿ ಸಾಮಾನ್ಯ ತಪ್ಪು. ಆಗ ಎಲ್ಲ ತಳಿಯೂ ನಿರೋಧಕವಾಗಿಯೇ ಕಾಣುತ್ತದೆ.

ಎಲೆಯಲ್ಲಿ ಏನು ಕಂಡಿತು ಎಂಬುದು ಎಷ್ಟು ಕಂಡಿತು ಎನ್ನುವುದಕ್ಕಿಂತ ಮುಖ್ಯ. ಕಜ್ಜಿಯ ಪ್ರಯೋಗಾಲಯಗಳಲ್ಲಿ 0, 1, 2, 3ಎ, 3ಬಿ, 4 ಎಂಬ ದರ್ಜೆ ಬಳಸುತ್ತಾರೆ, ತೋಟಕ್ಕೂ ಅದು ಸಾಕು. 0 ಎಂದರೆ ಏನೂ ಇಲ್ಲ. 1 ಎಂದರೆ ಸೂಜಿಯಲ್ಲಿ ಚುಚ್ಚಿದಂತೆ ಸಣ್ಣ ಗುಳಿಗಳು: ಶಿಲೀಂಧ್ರ ಹೊಕ್ಕಿತು, ಸುತ್ತಲ ಜೀವಕೋಶಗಳು ತಾವೇ ಸತ್ತು ಅದನ್ನು ಅಲ್ಲೇ ಕಟ್ಟಿಹಾಕಿದವು. 2 ಎಂದರೆ ಹಳದಿ ಮಚ್ಚೆ, ಬೀಜಾಣು ಇಲ್ಲ. 3ಎ ಎಂದರೆ ಹಳದಿ, ಕಂದು ಮಚ್ಚೆಯ ನಡುವೆ ಅಲ್ಲೊಂದು ಇಲ್ಲೊಂದು ಕಡೆ ತೆಳುವಾಗಿ ಬೀಜಾಣು. 3ಬಿಯಲ್ಲಿ ಅದು ಸ್ಪಷ್ಟ. 4 ಎಂದರೆ ಹಳದಿಯೂ ಇಲ್ಲದೆ ನೇರ ಬೀಜಾಣುವಿನ ಮಖಮಲ್ಲು. ಆರ್‌ವಿಐ6 ಮರದಲ್ಲಿ 2, 3ಎ ಕಂಡರೆ ಗಾಬರಿ ಬೇಡ, ಜೀನು ಕೆಲಸ ಮಾಡುತ್ತಿದೆ. 4 ಕಂಡರೆ ಜೀನನ್ನು ದಾಟಿದ ಬಗೆ ತೋಟಕ್ಕೆ ಬಂದಿದೆ, ಇಲ್ಲವೇ ನರ್ಸರಿ ಬೇರೆ ತಳಿಯ ಗಿಡ ಕೊಟ್ಟಿದೆ. ಇದರ ಅರ್ಥ, ಎಲೆಯ ಮೇಲೆ ಚುಕ್ಕೆ ಕಂಡ ತಕ್ಷಣ ‘ನಿರೋಧಕತೆ ಸುಳ್ಳು’ ಎನ್ನುವಂತಿಲ್ಲ.

ಬೀಜಾಣು ಇದೆಯೋ ಇಲ್ಲವೋ ಎಂಬುದು ಬರಿಗಣ್ಣಿಗೆ ತಿಳಿಯದು. 10 ಪಟ್ಟು ಹಿಗ್ಗಿಸುವ ಕೈ ಮಸೂರ ಬೇಕು. ಆಲಿವ್ ಹಸಿರು ಬಣ್ಣದ, ಅಂಚು ಕೆದರಿದ ತುಪ್ಪುಳು ಕಂಡರೆ ಬೀಜಾಣು. ಅನುಮಾನವಿದ್ದರೆ ಸೆಲ್ಲೋಟೇಪಿನ ತುಂಡನ್ನು ಮಚ್ಚೆಯ ಮೇಲೆ ಮೆಲ್ಲನೆ ಒತ್ತಿ ತೆಗೆದು, ಗಾಜಿನ ಪಟ್ಟಿಯ ಮೇಲೆ ಒಂದು ಹನಿ ನೀರಿಗೆ ಅಂಟಿಸಿ 400 ಪಟ್ಟಿನ ಸೂಕ್ಷ್ಮದರ್ಶಕದಲ್ಲಿ ನೋಡಿ. ಕಜ್ಜಿಯ ಬೀಜಾಣು ತಿಳಿ ಕಂದು, ಒಂದು ತುದಿ ಮೊನಚು, ದೀಪದ ಕುಡಿಯ ಆಕಾರ. ಅದು ಕಾಣದಿದ್ದರೆ 1 ಅಥವಾ 2ನೇ ದರ್ಜೆಯ ಗುರುತೋ, ಔಷಧಿಯ ಸುಟ್ಟ ಕಲೆಯೋ, ಬಿಸಿಲಿನ ಕಲೆಯೋ ಆಗಿರಬಹುದು.

ತುಕ್ಕಿಗೆ ಬೇರೆ ಪರೀಕ್ಷೆ. ಎಲೆಯ ಮೇಲ್ಭಾಗದ ಕಿತ್ತಳೆ ಚುಕ್ಕೆ ಎಣಿಸಿ ನಿಲ್ಲಿಸಬೇಡಿ, ಎಲೆ ಮಗುಚಿ. ತುತ್ತಾಗುವ ತಳಿಯಲ್ಲಿ ಬೇಸಿಗೆಯ ನಡುವೆ ಚುಕ್ಕೆಯ ಹಿಂಬದಿಯಲ್ಲಿ ಗಡ್ಡದ ಕೂದಲಿನಂತೆ ಸಣ್ಣ ಕೊಳವೆಗಳು ಏಳುತ್ತವೆ. ಅಲ್ಲಿಂದ ಬೀಜಾಣು ಜುನಿಪರ್‌ಗೆ ಮರಳುತ್ತದೆ. ನಿರೋಧಕ ತಳಿಯಲ್ಲಿ ಮೇಲೆ ಮಂಕು ಹಳದಿ ಚುಕ್ಕೆ ಇದ್ದರೂ ಹಿಂಬದಿ ನುಣುಪಾಗಿಯೇ ಉಳಿಯುತ್ತದೆ.

ಫೈರ್ ಬ್ಲೈಟ್‌ಗೆ ಅಳತೆ ಪಟ್ಟಿ ಸಾಕು. ಆ ಹಂಗಾಮಿನ ಚಿಗುರಿನ ಒಟ್ಟು ಉದ್ದ, ಅದರಲ್ಲಿ ಕಪ್ಪಾದ ಉದ್ದ, ಶೇಕಡಾವಾರು ಲೆಕ್ಕ. ಜೊತೆಗೆ ಒಂದು ಪ್ರಶ್ನೆ: ರೋಗ ಈ ವರ್ಷದ ಚಿಗುರಲ್ಲೇ ನಿಂತಿತೇ, ಎರಡು ವರ್ಷದ ಕಟ್ಟಿಗೆಗೆ ದಾಟಿತೇ? ನಿರೋಧಕ ತಳಿಯಲ್ಲಿ ಸಾಮಾನ್ಯವಾಗಿ ದಾಟುವುದಿಲ್ಲ. ಸಾರಜನಕ ಹೆಚ್ಚು ಹಾಕಿದ, ತೀರಾ ಸವರಿದ ಮರದಲ್ಲಿ ಚಿಗುರು ಉಕ್ಕಿ ಬಂದು ರೋಗ ದೂರ ಓಡುತ್ತದೆ. ಹಾಗಾಗಿ ಹೋಲಿಸುವ ಎಲ್ಲ ಮರಕ್ಕೂ ಗೊಬ್ಬರ, ಸವರುವಿಕೆ ಒಂದೇ ಆಗಿರಬೇಕು, ಇಲ್ಲದಿದ್ದರೆ ಅಳೆದದ್ದು ತಳಿಯನ್ನಲ್ಲ, ಯೂರಿಯಾವನ್ನು. ತಳಿ ಸಂಶೋಧಕರು ಬ್ಯಾಕ್ಟೀರಿಯಾ ದ್ರಾವಣದಲ್ಲಿ ಅದ್ದಿದ ಕತ್ತರಿಯಿಂದ ಎಲೆಯ ತುದಿ ಕತ್ತರಿಸಿ ಬೇಕೆಂದೇ ರೋಗ ಹಚ್ಚಿ ನೋಡುತ್ತಾರೆ. ಅದು ಮುಚ್ಚಿದ ಗಾಜಿನ ಮನೆಯ ಕೆಲಸ. ತೋಟದಲ್ಲಿ ಯಾರೂ ಮಾಡಬಾರದು, ಹಲವು ದೇಶಗಳಲ್ಲಿ ಇದು ನಿರ್ಬಂಧಿತ ರೋಗಾಣು.

ಒಂದೇ ದಿನದ ಅಂಕ ಸುಳ್ಳು ಹೇಳಬಹುದು. ರೋಗ ನಿಧಾನಕ್ಕೆ ಏರುವ ತಳಿಯೂ ಕೊನೆಗೆ ಅದೇ ಮಟ್ಟ ಮುಟ್ಟಬಹುದು. ಅದಕ್ಕೇ ಹತ್ತು ದಿನಕ್ಕೊಮ್ಮೆ ಎಣಿಸಿ, ಎರಡು ಎಣಿಕೆಗಳ ಸರಾಸರಿಯನ್ನು ನಡುವಿನ ದಿನಗಳಿಂದ ಗುಣಿಸಿ ಕೂಡಬೇಕು. ಲೆಕ್ಕಕ್ಕೊಂದು ಮಾದರಿ: ಪರೀಕ್ಷೆಯ ತಳಿಯಲ್ಲಿ ಶೇ. 0, 4, 10, 18 ಎಂದಿಟ್ಟುಕೊಂಡರೆ 20, 70, 140 ಕೂಡಿ 230. ಹೋಲಿಕೆ ಮರದಲ್ಲಿ ಶೇ. 0, 15, 40, 62 ಎಂದಾದರೆ 75, 275, 510 ಕೂಡಿ 860. 230ನ್ನು 860ರಿಂದ ಭಾಗಿಸಿದರೆ 0.27, ಅಂದರೆ ಹೋಲಿಕೆ ಮರದ ಕಾಲು ಭಾಗದಷ್ಟು ರೋಗ. ಈ ಒಂದು ಸಂಖ್ಯೆ ‘ಪರವಾಗಿಲ್ಲ’, ‘ಚೆನ್ನಾಗಿದೆ’ ಎಂಬ ಮಾತುಗಳಿಗಿಂತ ಎಷ್ಟೋ ಮೇಲು, ಮುಂದಿನ ವರ್ಷಕ್ಕೂ ಹೋಲಿಸಬಹುದು.

ಡಿಎನ್‌ಎ ಪರೀಕ್ಷೆ ಮಾಡಿಸಬೇಕೇ?

ಎಲೆ ಕಳಿಸಿದರೆ ಆರ್‌ವಿಐ6 ಇದೆಯೋ ಇಲ್ಲವೋ ಎಂದು ಹೇಳುವ ಪ್ರಯೋಗಾಲಯಗಳಿವೆ. ದೊಡ್ಡ ತೋಪು ಹಾಕುವ ಮುನ್ನ, ಕೊಟ್ಟ ಗಿಡ ಹೇಳಿದ ತಳಿಯೇ ಎಂದು ಖಚಿತಪಡಿಸಿಕೊಳ್ಳಲು ಇದು ಒಳ್ಳೆಯ ಸೇವೆ. ತಪ್ಪು ತಳಿ ಎಂದು ಕಾಯಿ ಬಿಟ್ಟ ಮೇಲೆ ತಿಳಿಯುವುದಕ್ಕಿಂತ ಲೇಸು. ಆದರೆ ಬೀಗ ಬಾಗಿಲಲ್ಲಿದೆ ಎಂದಷ್ಟೇ ಅದು ಹೇಳುತ್ತದೆ, ಆ ಸೀಮೆಯ ಶಿಲೀಂಧ್ರದ ಬಳಿ ಕೀಲಿ ಇದೆಯೇ ಎಂದು ಹೇಳುವುದಿಲ್ಲ. ಹಲವು ಸಣ್ಣ ಜೀನುಗಳು ಕೂಡಿ ಕೊಡುವ ಆಂಟನೋವ್ಕಾದಂಥ ಹಳೆಯ ತಳಿಗಳ ಭಾಗಶಃ ನಿರೋಧಕತೆಯನ್ನು ಇಂಥ ಒಂದು ಜೀನಿನ ಪರೀಕ್ಷೆ ಹಿಡಿಯುವುದೂ ಇಲ್ಲ. ಅಲ್ಲಿ 50 ಎಲೆಗಳ ಎಣಿಕೆಯೇ ಗತಿ.

ನಿರೋಧಕ ತಳಿ ನೆಟ್ಟವರೂ ಬಿದ್ದ ಎಲೆಗಳನ್ನು ಹಾಗೇ ಬಿಡಬಾರದು. ಕಜ್ಜಿ ಚಳಿಗಾಲ ಕಳೆಯುವುದು ಆ ಎಲೆಗಳಲ್ಲೇ, ಹೊಸ ಬಗೆ ಹುಟ್ಟುವುದೂ ಅಲ್ಲೇ. ಎಲೆ ಉದುರುವ ಹೊತ್ತಿಗೆ 100 ಲೀಟರ್ ನೀರಿಗೆ 5 ಕಿಲೋ ಯೂರಿಯಾ ಬೆರೆಸಿ ನೆಲದ ಎಲೆಗಳಿಗೆ ಸಿಂಪಡಿಸಿದರೆ ಬೇಗ ಕೊಳೆಯುತ್ತವೆ. ಯಂತ್ರದಿಂದ ಪುಡಿ ಮಾಡಿದರೂ ಆಯಿತು. ಹೂ ಬಿಡುವ ಆಸುಪಾಸಿನ ಅತಿ ತೇವದ ದಿನಗಳಲ್ಲಿ ಒಂದೆರಡು ಸಿಂಪಡಣೆ ಉಳಿಸಿಕೊಳ್ಳುವುದೂ ಜೀನಿನ ಆಯುಸ್ಸು ಹೆಚ್ಚಿಸುವ ದಾರಿ.

ನರ್ಸರಿಯವರು ಇಷ್ಟನ್ನು ಚೀಟಿಯಲ್ಲಿ ಬರೆಯಲಾರರು ಎನ್ನುವ ಹಾಗಿಲ್ಲ, ಐದು ಸಾಲು ಸಾಕು. ಗೋಲ್ಡ್‌ರಷ್, ಬೇರುಸಸಿ ಜಿ.41. ಕಜ್ಜಿ: ನಿರೋಧಕ, ಆರ್‌ವಿಐ6 ಒಂದೇ ಜೀನು, ರೇಸ್ 6 ಇರುವಲ್ಲಿ ನಂಬಬೇಡಿ. ತುಕ್ಕು: ತುತ್ತಾಗುತ್ತದೆ, ಜುನಿಪರ್ ಬಳಿ ನೆಡಬೇಡಿ. ಫೈರ್ ಬ್ಲೈಟ್: ಬುಡಕ್ಕೆ ನಿರೋಧಕ, ಚಿಗುರಿಗೆ ಮಧ್ಯಮ. ಕಸಿ ಗಂಟು ಪೆಡಸು, ಕೋಲು ಕಟ್ಟಿ.